ಅಡಿಗೆಮನೆಯ ಹೊನ್ನೆ ಬೀರು

ಮರದ ಬೀರನ್ನು ಚೊಕ್ಕಟ ಮಾಡುವುದು ಹೇಗೆ ಎಂದು ಈಗಿನ ಹುಡುಗಿಯರು ನನ್ನನ್ನು ಕೇಳುತ್ತಾರೆ. ನನಗೆ ಚೆನ್ನಾಗಿಯೇ ಗೊತ್ತು. ಹದಿನಾರನೆಯ ವಯಸ್ಸಿಗೇ ಗೊತ್ತಿತ್ತು. ಗೊತ್ತಿದ್ದೂ ಒಂದು ವಾರ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ ಎಂಬುದನ್ನು ಮಾತ್ರ ಅವರಿಗೆ ಹೇಳುವುದಿಲ್ಲ. ಹೇಳಿದರೆ ಅಜ್ಜಿ ಎಷ್ಟು ಒಳ್ಳೆಯವಳು ಎಂದು ನನ್ನ ಕೈಹಿಡಿದು ಕೂರುವ ಆ ಹುಡುಗಿಯರು ಎದ್ದು ಹೋದಾರು.

ನನ್ನ ತವರು ಅಜ್ಜಂಪುರ. ಅಪ್ಪನದು ಮೆಣಸಿನಕಾಯಿ, ಈರುಳ್ಳಿಯ ಮಂಡಿ. ಹೊಸ ಪೈಸೆ ಚಲಾವಣೆಗೆ ಬರುವುದಕ್ಕೆ ನಾಲ್ಕೈದು ವರ್ಷ ಮೊದಲು ಅಪ್ಪ ತರೀಕೆರೆಯಲ್ಲಿ ಮರ ಕೊಂಡು, ಅಲ್ಲಿಯ ಆಚಾರಿಯ ಕೈಯಲ್ಲೇ ಬೀರು ಮಾಡಿಸಿ, ಹುಲ್ಲು ಹಾಸಿದ ಎತ್ತಿನ ಗಾಡಿಯ ಮೇಲೆ ಮಲಗಿಸಿಕೊಂಡು ತಂದಿದ್ದರು. ಆಳೆತ್ತರದ ಬೀರು, ನಾಲ್ಕು ಬಾಗಿಲು, ಹಿತ್ತಾಳೆಯ ಹಿಡಿ. ಅಡಿಗೆಮನೆಯ ಪಡುವಣ ಗೋಡೆಗೆ ಒರಗಿಸಿ ನಿಲ್ಲಿಸಿದರು. ಮೇಲಿನ ಅಂಕಣದಲ್ಲಿ ಮಠದ ಸ್ವಾಮಿಗಳ ಪಾದಪೂಜೆಗೆಂದೇ ಇಟ್ಟಿದ್ದ ಬೆಳ್ಳಿ ತಂಬಿಗೆ, ತಟ್ಟೆ. ಕೆಳಗೆ ತುಪ್ಪ, ಬೆಲ್ಲ, ಉಪ್ಪಿನಕಾಯಿ ಜಾಡಿಗಳು. ಬೀಗದ ಕೈ ಅವ್ವನ ಸೊಂಟದಲ್ಲಿ.

ನಮ್ಮ ಕಡೆಯ ಮನೆಗಳಲ್ಲಿ ಆಗ ಅಂಥ ಬೀರು ಇರಲಿಲ್ಲ. ಗೋಡೆಯ ಗೂಡು, ಸೂರಿನಿಂದ ಇಳಿಬಿಟ್ಟ ನೆಲವು, ಅಷ್ಟೇ. ಮರವೆಂದರೆ ನಾವು ಕಂಡದ್ದು ಜಾಲಿ, ಬೇವು, ಮಾವು. ಹೊನ್ನೆ ಎಂಬುದು ಬೆಟ್ಟದ ಕಡೆಯ ಮರ, ಅದರ ಗುಣ ನಮ್ಮಲ್ಲಿ ಯಾರಿಗೂ ತಿಳಿಯದು. ಅಕ್ಕಪಕ್ಕದ ಹೆಂಗಸರು ಹೆಪ್ಪು ಕೇಳುವ ನೆಪದಲ್ಲಿ ಬಂದು ಬಾಗಿಲು ಸವರಿ ನೋಡಿ ಹೋಗುತ್ತಿದ್ದರು. ಅವ್ವನಿಗೆ ಆ ಬೀರಿನ ಮೇಲೆ ಇದ್ದಷ್ಟು ಪ್ರೀತಿ ನನ್ನ ಮೇಲೆ ಇತ್ತೆಂದು ನಾನು ಪ್ರಮಾಣ ಮಾಡಲಾರೆ.

ಅವ್ವನಿಗೆ ಒಂದು ಅಭ್ಯಾಸ. ಪೂಜೆಯ ಮಣೆ ಒರೆಸುವ ಬಿಳಿ ಬಟ್ಟೆಯ ಚೂರನ್ನು ನೀರಿಗೆ ಅದ್ದಿ ಹಿಂಡಿ, ತೋರುಬೆರಳಿಗೆ ಸುತ್ತಿಕೊಂಡು, ಯಾವುದಾದರೂ ವಸ್ತುವಿನ ಮೇಲೆ ಒತ್ತಿ ಎಳೆಯುತ್ತಿದ್ದಳು. ಬಟ್ಟೆ ಬೆಳ್ಳಗೇ ಇದ್ದರೆ ಚೊಕ್ಕಟ. ಒಂದಿಷ್ಟು ಮಾಸಿದರೂ ಮೊದಲಿಂದ ತೊಳೆಯಬೇಕು. ಹಂಡೆ, ಕೊಳಗ, ಒರಳು, ಹೊಸಿಲು ಎಲ್ಲಕ್ಕೂ ಇದೇ ಪರೀಕ್ಷೆ. ನನ್ನ ಕತ್ತಿನ ಹಿಂಭಾಗಕ್ಕೂ, ಕಿವಿಯ ಸಂದಿಗೂ ಇದೇ ಪರೀಕ್ಷೆ. ಬಂದ ನೆಂಟರ ಮುಂದೆಯೇ ನನ್ನ ಜಡೆ ಎತ್ತಿ ಬಟ್ಟೆ ಎಳೆದು, ನೋಡಿ ಇವಳ ಚಂದ ಎಂದು ಎಲ್ಲರಿಗೂ ತೋರಿಸುತ್ತಿದ್ದಳು. ಆಗ ನೆಲ ಬಾಯಿಬಿಡಬಾರದೇ ಎನಿಸುತ್ತಿತ್ತು.

ಅಣ್ಣನಿಗೆ ಮದುವೆಯಾಗಿ ಅತ್ತಿಗೆ ಬಂದಳು. ಅವ್ವನ ಬೆರಳು ನನ್ನನ್ನು ಬಿಟ್ಟು ಅವಳ ಕಡೆ ತಿರುಗಿತು. ನನಗೆ ಹೊಟ್ಟೆ ತಣ್ಣಗಾಯಿತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಾನು ಮಾಡಿದ್ದಕ್ಕೆಲ್ಲ ಇದೇ ಬೇರು.

ಅತ್ತಿಗೆ ಶಿವನಿಯವಳು, ಒಕ್ಕಲು ಮನೆತನದ ಹುಡುಗಿ. ರೈಲಿನಲ್ಲಿ ಅಜ್ಜಂಪುರ ಬಿಟ್ಟರೆ ಮುಂದಿನ ಸ್ಟೇಷನ್ನೇ ಶಿವನಿ. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ತಾಯಿ ತೀರಿಕೊಂಡಿದ್ದಳು. ನಾಲ್ಕು ವರ್ಷದ ತಂಗಿಯನ್ನು ಇವಳೇ ಎತ್ತಿ ಆಡಿಸಿ, ಉಣಿಸಿ, ತಲೆ ಬಾಚಿ ಬೆಳೆಸಿದ್ದಳು. ಮಾತಿಗೊಮ್ಮೆ ನಮ್ಮ ತಂಗಿ ಹಾಗೆ, ನಮ್ಮ ತಂಗಿ ಹೀಗೆ. ಆ ತಂಗಿಗೂ ನನ್ನದೇ ವಯಸ್ಸು. ಕೇಳಿ ಕೇಳಿ ನನ್ನ ಮೈ ಉರಿಯುತ್ತಿತ್ತು. ನನ್ನ ತಲೆಯನ್ನು ಯಾರೂ ಹಾಗೆ ಬಾಚಿರಲಿಲ್ಲ.

ಅತ್ತಿಗೆ ಬಂದ ಎರಡನೆಯ ವರ್ಷ ಆ ತಂಗಿಗೆ ಶಿವನಿಯಲ್ಲೇ ಗಂಡು ಗೊತ್ತಾಯಿತು. ಅತ್ತಿಗೆಯ ಅಪ್ಪ ಎಲೆಅಡಿಕೆ ಹಿಡಿದು ನಮ್ಮನ್ನು ಕರೆಯಲು ಬಂದರು. ಮದುವೆಗೆ ಹತ್ತು ದಿನವಿತ್ತು. ಮುದುಕ ಜಗಲಿಯ ತುದಿಯಲ್ಲಿ ಕೂತು, ಮದುಮಗಳಿಗೆ ಮೊದಲ ಅರಿಶಿನ ಹಚ್ಚಲು ತಾಯಿ ಇಲ್ಲ, ಅಕ್ಕನೇ ಹಚ್ಚಬೇಕು, ನಾಲ್ಕು ದಿನ ಮುಂಚೆ ಕಳಿಸಿಕೊಡಿ ಎಂದು ಕೇಳಿಕೊಂಡರು. ಕೇಳುವಾಗ ಹೆಗಲ ಮೇಲಿನ ವಲ್ಲಿಯನ್ನು ತೆಗೆದು ಕೈಯಲ್ಲಿ ಹಿಡಿದಿದ್ದರು.

ಅವ್ವ ಇಲ್ಲ ಎನ್ನಲಿಲ್ಲ. “ಕಳಿಸ್ತೀನಿ ಬೀಗರೇ. ಮದುವೆ ಆದ ಮೂರು ದಿನಕ್ಕೆ ನಮ್ಮನೇಲಿ ಸ್ವಾಮಿಗಳ ಪಾದಪೂಜೆ ಐತೆ. ಅಡಿಗೆಮನೆ ಬೀರು ಹೊಗೆ ಹಿಡಿದು ಕೂತೈತೆ. ಅದೊಂದು ಚೊಕ್ಕಟ ಮಾಡ್ಲಿ. ಬಟ್ಟೆ ಬೆಳ್ಳಗೆ ಬಂದ ದಿನಾನೇ ರೈಲು ಹತ್ತಿಸ್ತೀನಿ” ಎಂದಳು. ಅತ್ತಿಗೆ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದವಳು ಮುಖ ಅರಳಿಸಿಕೊಂಡು ಒಳಗೆ ಹೋದಳು. ಒಂದು ಬೀರು ತೊಳೆಯುವುದು ಎಷ್ಟು ಹೊತ್ತಿನ ಕೆಲಸ?

ಮಾರನೆಯ ದಿನವೇ ಸೆರಗು ಸಿಕ್ಕಿಸಿ ನಿಂತಳು. ಐದು ವರ್ಷದ ಸೌದೆಯ ಹೊಗೆ, ಒಗ್ಗರಣೆಯ ಜಿಡ್ಡು ಸೇರಿ ಬೀರಿನ ಮೇಲೆ ಕರಿ ಅಂಟು ಕೂತಿತ್ತು. ಅವ್ವ ಹೇಳಿದಂತೆ ಬಿಸಿನೀರಿಗೆ ಬಟ್ಟೆ ಸೋಡಾ ಕದಡಿ, ತೆಂಗಿನ ನಾರಿನಿಂದ ತಿಕ್ಕಿ, ಹುಣಿಸೆಹಣ್ಣು ಸವರಿ, ಮತ್ತೆ ನೀರು ಹಾಕಿ ತೊಳೆದಳು. ಮಧ್ಯಾಹ್ನದ ಹೊತ್ತಿಗೆ ಅಂಟೆಲ್ಲ ಹೋಗಿತ್ತು. ಅವ್ವ ಬಂದು ಬಟ್ಟೆ ಎಳೆದಳು. ಬಟ್ಟೆಯ ಮೇಲೆ ಚಹಾದ ಬಣ್ಣದ ಗೆರೆ.

“ಇನ್ನೂ ಕೊಳೆ ಐತೆ.”

ಎರಡನೆಯ ದಿನ ಇನ್ನಷ್ಟು ಸೋಡಾ. ಗೆರೆ ಇನ್ನಷ್ಟು ದಟ್ಟವಾಗಿ ಬಂತು. ಅತ್ತಿಗೆಗೆ ಅರ್ಥವಾಗಲಿಲ್ಲ, ನನಗೂ ಆಗಲಿಲ್ಲ. ಅವ್ವ, ಕೈಯಲ್ಲಿ ಜೀವ ಇಲ್ಲದೋಳು ತಿಕ್ಕಿದರೆ ಇಷ್ಟೇ ಎಂದಳು. ಸಂಜೆಗೆ ಬೀರಿನ ಒಂದು ಬಾಗಿಲು ನೀರು ಕುಡಿದು ಊದಿಕೊಂಡು ಮುಚ್ಚದೆ ಹೋಯಿತು.

ಮೂರನೆಯ ದಿನ ಸಂತೆ. ಬೀರು ಮಾಡಿದ ತರೀಕೆರೆಯ ಆಚಾರಿ ಸಂತೆಗೆ ಬಂದವನು ಅಪ್ಪನ ಮಂಡಿಯಲ್ಲಿ ಸಿಕ್ಕಿದ. ಬಾಗಿಲು ನೋಡಿ ಹೋಗು ಎಂದು ಅಪ್ಪ ಅವನನ್ನು ಮನೆಗೆ ಕಳಿಸಿದರು. ಅವ್ವ ಮಠಕ್ಕೆ ಹೋಗಿದ್ದಳು. ಅತ್ತಿಗೆ ಹಿತ್ತಿಲ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಅಡಿಗೆಮನೆಯಲ್ಲಿ ನಾನೊಬ್ಬಳೇ ಇದ್ದೆ.

ಆಚಾರಿ ಬಾಗಿಲ ಮೇಲೆ ಅಂಗೈ ಇಟ್ಟು ಸವರಿದ. ನುಣುಪಾಗಿದ್ದ ಮರ ಎಳೆ ಎದ್ದು ದೊರಗಾಗಿತ್ತು. ಅವನ ಮುಖ ಕಿವುಚಿಕೊಂಡಿತು. ಯಾರು ಇದಕ್ಕೆ ನೀರು ಮುಟ್ಟಿಸಿದವರು ಎಂದು ಕೇಳಿದ. ಊದಿದ ಅಂಚನ್ನು ಉಜ್ಜುಗೊರಡಿನಿಂದ ಎರಡು ಸಲ ಎಳೆದು ಬಾಗಿಲು ಸರಿಮಾಡಿದ. ಕೆಳಗೆ ಬಿದ್ದ ಹೊಟ್ಟನ್ನು ಎತ್ತಿ, ಒಂದು ಗಾಜಿನ ಲೋಟದಲ್ಲಿ ನೀರು ತರಿಸಿ, ಅದರೊಳಗೆ ಹಾಕಿದ. ನಾನು ನೋಡುತ್ತಿದ್ದ ಹಾಗೇ ನೀರು ಕೆಂಪಗೆ ತಿರುಗತೊಡಗಿತು. ಕಿಟಕಿಯ ಬೆಳಕಿಗೆ ಹಿಡಿದಾಗ ಅಂಚಿನಲ್ಲಿ ತುಸು ನೀಲಿ ಮಿಂಚಿತು.

“ಹೊನ್ನೆ ಕಣವ್ವ ಇದು. ನೀರು ಸೋಕಿದ್ರೆ ಬಣ್ಣ ಬಿಡ್ತೈತೆ. ಅದು ಕೊಳೆ ಅಲ್ಲ, ಮರದ್ದೇ ರಸ. ನಾನು ಕುಡಿಸಿದ್ದ ಎಣ್ಣೇನೆಲ್ಲ ಸೋಡಾ ಹಾಕಿ ತೆಗ್ದು ಬಿಟ್ಟವ್ರೆ. ಇನ್ನು ಹತ್ತು ವರ್ಷ ತಿಕ್ಕಿದ್ರೂ ಬಟ್ಟೆ ಬೆಳ್ಳಗೆ ಬರಾಕಿಲ್ಲ. ನಿಮ್ಮವ್ವಂಗೆ ಮರೀದಂಗೆ ಹೇಳು.”

ಹೇಗೆ ನೋಡಿಕೊಳ್ಳಬೇಕೆಂದೂ ಹೇಳಿಕೊಟ್ಟ. ಒಣಗಿದ ಬಟ್ಟೆಯಲ್ಲಿ ಅಕ್ಕಿ ತೌಡು ಗಂಟು ಕಟ್ಟಿ, ಎಳೆ ಹೋದ ಕಡೆಗೇ ಉಜ್ಜಬೇಕು, ಅಡ್ಡ ಉಜ್ಜಬಾರದು. ಜಿಡ್ಡನ್ನು ತೌಡೇ ಹೀರಿಕೊಳ್ಳುತ್ತದೆ. ಸಂದಿಯ ದೂಳಿಗೆ ಬೇವಿನ ಕಡ್ಡಿಯ ತುದಿ ಜಜ್ಜಿ ಕುಂಚ ಮಾಡಿಕೊಳ್ಳಬೇಕು. ವರ್ಷಕ್ಕೆ ಎರಡು ಸಲ ಅಗಸೆ ಎಣ್ಣೆಯನ್ನು ಬೆಚ್ಚಗೆ ಮಾಡಿ ತೆಳ್ಳಗೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಉಳಿದದ್ದನ್ನು ಒರೆಸಿ ತೆಗೆಯಬೇಕು. ಒರೆಸದೆ ಬಿಟ್ಟರೆ ಅಂಟಾಗಿ ದೂಳು ಹಿಡಿಯುತ್ತದೆ. ನೀರಿನ ಕೈಯಲ್ಲಿ ಬಾಗಿಲು ಹಿಡಿಯಲೇಬಾರದು. ಇಷ್ಟೂ ನಾನು ಒಂದೇ ಸಲಕ್ಕೆ ಕಲಿತೆ. ಶಾಲೆಯಲ್ಲಿ ಯಾವ ಪಾಠವೂ ನನ್ನ ತಲೆಗೆ ಹಾಗೆ ಹತ್ತಿರಲಿಲ್ಲ.

ಅವನು ಹೋದ ಮೇಲೆ ಲೋಟದ ನೀರನ್ನು ಬಚ್ಚಲಿಗೆ ಚೆಲ್ಲಿದೆ. ಹೊಟ್ಟನ್ನು ಒಲೆಗೆ ಹಾಕಿದೆ. ಅವ್ವ ಬಂದಾಗ, ಆಚಾರಿ ಬಾಗಿಲು ಸರಿಮಾಡಿ ಹೋದ ಎಂದಷ್ಟೇ ಹೇಳಿದೆ.

ಯಾಕೆ ಹಾಗೆ ಮಾಡಿದೆ? ಚಿಕ್ಕವಳು, ತಿಳಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ನನಗೆ ಎಲ್ಲವೂ ತಿಳಿದಿತ್ತು. ಅವ್ವ ಎಷ್ಟು ಗಟ್ಟಿ ಹೆಂಗಸಾದರೂ ಮಾತಿಗೆ ತಪ್ಪುವವಳಲ್ಲ. ಬೀರು ಹಾಳಾಗುತ್ತಿದೆ ಎಂದು ಗೊತ್ತಾದರೆ ಆ ಕ್ಷಣವೇ ನೀರು ನಿಲ್ಲಿಸಿ ಸೊಸೆಯನ್ನು ರೈಲು ಹತ್ತಿಸುತ್ತಿದ್ದಳು. ಅತ್ತಿಗೆ ಹೋದರೆ ಹತ್ತು ದಿನ ಅಡಿಗೆಮನೆ ನನ್ನ ಪಾಲಿಗೆ, ಅವ್ವನ ಬೆರಳೂ ನನ್ನ ಪಾಲಿಗೆ. ಇದು ಒಂದು ಕಾರಣ. ಇನ್ನೊಂದನ್ನು ಹೇಳಲು ಈಗಲೂ ನಾಲಿಗೆ ಏಳುವುದಿಲ್ಲ. ಅವಳು ಸೋಲುವುದನ್ನು ನೋಡುವುದು ನನಗೆ ಸುಖವಾಗಿತ್ತು. ತಂಗಿ ತಂಗಿ ಎಂದು ಕುಣಿಯುತ್ತಿದ್ದವಳು ದಿನವೂ ಒಂದು ಚೂರು ಬಟ್ಟೆಯ ಮುಂದೆ ತಲೆ ತಗ್ಗಿಸಿ ನಿಲ್ಲುತ್ತಿದ್ದಳಲ್ಲ, ಅದನ್ನು ನೋಡಲು ನಾನು ಕೆಲಸ ಬಿಟ್ಟು ಅಡಿಗೆಮನೆಗೆ ಬರುತ್ತಿದ್ದೆ.

ಆಮೇಲಿನ ದಿನಗಳೆಲ್ಲ ಒಂದೇ ಬಗೆ. ಅತ್ತಿಗೆ ಬೆಳಗಿನ ಕೆಲಸ ಮುಗಿಸಿ ಬೀರಿನ ಮುಂದೆ ಕೂರುತ್ತಿದ್ದಳು. ಸೋಡಾಕ್ಕೆ ಬೆರಳ ಸಂದಿ ಬಿರಿದು, ಉಪ್ಪು ಮುಟ್ಟಿದರೆ ಕೈ ಒದರಿಕೊಳ್ಳುತ್ತಿದ್ದಳು. ಮಧ್ಯಾಹ್ನ ಅವ್ವನ ಬಟ್ಟೆ, ಕಂದು ಗೆರೆ, ನಾಳೆ ನೋಡೋಣ ಎಂಬ ಮಾತು. ಒಂದು ದಿನ ಅತ್ತಿಗೆ ನೀರು ಮುಟ್ಟದೆ ಬರೀ ಒಣಬಟ್ಟೆಯಿಂದ ಬೀರು ಉಜ್ಜಿದ್ದಳು. ಅವ್ವ ತನ್ನ ಒದ್ದೆ ಬಟ್ಟೆ ಎಳೆದು, ಮೈಗಳ್ಳತನ ಶುರುವಾಯಿತು ಎಂದು ಇಡೀ ಬೀದಿಗೆ ಕೇಳುವಂತೆ ಕೂಗಾಡಿದಳು. ಅತ್ತಿಗೆ ಅಣ್ಣನಿಗೆ ಹೇಳಿ ನೋಡಿದಳಂತೆ. ಅವನು ಊಟದ ತಟ್ಟೆಯಿಂದ ತಲೆ ಎತ್ತದೆ, ಅವ್ವ ಹೇಳಿದಂಗೆ ಮಾಡು ಎಂದನಂತೆ. ನಮ್ಮಣ್ಣ ಬಹಳ ಸಾಧು ಎಂದು ಊರೆಲ್ಲ ಹೊಗಳುತ್ತಿತ್ತು.

ಆ ದಿನಗಳಲ್ಲಿ ಅತ್ತಿಗೆ ನನ್ನನ್ನು ದಿಟ್ಟಿಸಿ ನೋಡುತ್ತಿದ್ದಳು. ಅವ್ವ ಬಟ್ಟೆ ಎಳೆಯುವಾಗ ಬಟ್ಟೆಯನ್ನು ನೋಡುವುದು ಬಿಟ್ಟು ನನ್ನ ಕಡೆ ನೋಡುತ್ತಿದ್ದಳು. ನಾನು ನಗುತ್ತಿದ್ದೇನೆಯೇ ಎಂದು ಪರೀಕ್ಷಿಸುತ್ತಿದ್ದಾಳೆ ಎಂದುಕೊಂಡು ಮುಖವನ್ನು ಬಿಗಿದುಕೊಂಡು ನಿಲ್ಲುತ್ತಿದ್ದೆ.

ಮದುವೆಯ ಹಿಂದಿನ ದಿನವೂ ಗೆರೆ ಬಂತು. ಅತ್ತಿಗೆ ಅವತ್ತು ಅವ್ವನ ಕಾಲು ಹಿಡಿದಳು. ಧಾರೆ ಮುಗಿಸಿಕೊಂಡು ಮರುಗಾಡಿಗೇ ಬಂದುಬಿಡುತ್ತೇನೆ, ಬಂದು ಎಷ್ಟು ದಿನ ಬೇಕಾದರೂ ತಿಕ್ಕುತ್ತೇನೆ ಎಂದು ಅತ್ತಳು. ಅವ್ವ ಕಾಲು ಹಿಂದಕ್ಕೆ ಎಳೆದುಕೊಂಡಳು.

“ಮಾತು ಮಾತೇ. ಬಟ್ಟೆ ಬೆಳ್ಳಗಾದ್ರೆ ಈಗ್ಲೇ ಹೋಗು, ನಾನೇನು ಬ್ಯಾಡ ಅಂದ್ನಾ?”

ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ.

ಮದುವೆಗೆ ನಾವು ಹೋದೆವು. ಅಪ್ಪ, ಅವ್ವ, ಅಣ್ಣ, ನಾನು. ಬೀಗರ ಮನೆಯ ಮದುವೆಗೆ ಹೋಗದಿದ್ದರೆ ಊರವರು ಏನಂದಾರು ಎಂದು ಅವ್ವ ರೇಷ್ಮೆ ಸೀರೆ ಉಟ್ಟಳು. ಬೆಳಗಿನ ರೈಲಿಗೆ ನಾವು ಹೊಸಿಲು ದಾಟುವಾಗ ಅತ್ತಿಗೆ ಅಡಿಗೆಮನೆಯ ಬಾಗಿಲಲ್ಲಿ ಕೈಯಲ್ಲಿ ನಾರು ಹಿಡಿದು ನಿಂತಿದ್ದಳು. ಆಗಲೂ ನನ್ನನ್ನೇ ನೋಡಿದಳು. ನಾನು ಜಡೆ ಸರಿಮಾಡಿಕೊಂಡು ಮುಂದೆ ಹೋದೆ.

ಶಿವನಿಯಲ್ಲಿ ಮುದುಕ ಸ್ಟೇಷನ್ನಿಗೇ ಬಂದಿದ್ದರು. ನಮ್ಮ ಹಿಂದೆ ಇನ್ನೂ ಯಾರಾದರೂ ಇಳಿಯುತ್ತಾರೆಯೇ ಎಂದು ಗಾಡಿ ಹೊರಡುವವರೆಗೂ ನೋಡುತ್ತಲೇ ಇದ್ದರು. ಸೊಸೆಗೆ ಜ್ವರ ಎಂದು ಅವ್ವ ಹೇಳಿದಳು. ಮನೆಯಲ್ಲಿ ಮದುಮಗಳು ನನ್ನ ಕೈ ಹಿಡಿದು, ಅಕ್ಕನ ಜ್ವರ ಜೋರಾ ಎಂದು ಕೇಳಿದಳು. ನಾನು, ಬಹಳ ಜೋರು, ಎದ್ದು ಕೂರಲೂ ಆಗುವುದಿಲ್ಲ ಎಂದೆ. ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ, ಸುಳ್ಳು ತಾನಾಗಿ ಬಾಯಿಗೆ ಬಂತು. ಅವಳಿಗೆ ಯಾರೋ ದೊಡ್ಡಮ್ಮ ಅರಿಶಿನ ಹಚ್ಚಿದಳು. ಹುಡುಗಿ ಅಳುತ್ತಲೇ ಹಚ್ಚಿಸಿಕೊಂಡಳು. ಹೊರಡುವಾಗ ತನ್ನ ಮುಡಿಯ ಮಲ್ಲಿಗೆಯಿಂದ ಒಂದು ಮೊಳ ಬಿಡಿಸಿ ಎಲೆಯಲ್ಲಿ ಸುತ್ತಿ, ಅಕ್ಕನಿಗೆ ಮುಡಿಸು ಎಂದು ನನಗೆ ಕೊಟ್ಟಳು. ರೈಲಿನಲ್ಲಿ ಅದನ್ನು ನಾನೇ ಮುಡಿದುಕೊಂಡೆ.

ನಾವು ಬರುವಷ್ಟರಲ್ಲಿ ಅತ್ತಿಗೆ ಸಂಜೆಯ ಅಡಿಗೆ ಮುಗಿಸಿದ್ದಳು. ಅರಿಶಿನ ಯಾರು ಹಚ್ಚಿದರು ಎಂದು ಒಂದೇ ಒಂದು ಮಾತು ಕೇಳಿದಳು. ಹೇಳಿದೆ. ಸರಿ ಎಂದು ತಟ್ಟೆ ಹಾಕಿದಳು.

ಮೂರು ದಿನಕ್ಕೆ ಸ್ವಾಮಿಗಳು ಬಂದರು. ನಡುಮನೆಯಲ್ಲಿ ಪಾದಪೂಜೆಯಾಯಿತು. ಹಾಲುಹಣ್ಣು ತೆಗೆದುಕೊಂಡು ಹರಸಿ ಹೊರಟರು. ಅಡಿಗೆಮನೆಯ ಕಡೆ ಅವರು ಕತ್ತೂ ತಿರುಗಿಸಲಿಲ್ಲ. ಅವ್ವ ಆಮೇಲೆ ಬೀರಿನ ಮಾತನ್ನೇ ಎತ್ತಲಿಲ್ಲ. ಬೀರು ಅಲ್ಲಲ್ಲಿ ಬಿಳಿಚಿಕೊಂಡು, ಬಾಗಿಲೊಂದು ಸೀಳಿ, ಮುದಿ ಎತ್ತಿನ ಮೈಯ ಹಾಗೆ ಕಾಣುತ್ತಿತ್ತು.

ಮದುವೆಯ ದಿನ ಶಿವನಿಯವನೊಬ್ಬ ಈರುಳ್ಳಿ ಹಾಕಲು ಅಜ್ಜಂಪುರಕ್ಕೆ ಬಂದಿದ್ದವನು ಅತ್ತಿಗೆ ಬಾವಿಯಿಂದ ಎರಡು ಕೊಡ ನೀರು ಹೊತ್ತು ಬರುವುದನ್ನು ನೋಡಿದ್ದ. ಊರಿಗೆ ಹೋಗಿ ಹೇಳಿದ. ಜ್ವರವೂ ಇಲ್ಲ ಏನೂ ಇಲ್ಲ, ಮಂಡಿ ಮನೆಯ ಸೊಸೆಗೆ ಬಡವರ ಮದುವೆಗೆ ಬರಲು ನಾಚಿಕೆ ಎಂದು ಶಿವನಿಯಲ್ಲಿ ಮಾತಾಯಿತು. ತಂಗಿ ಅದನ್ನು ನಂಬಿದಳು. ಅತ್ತಿಗೆ ಮುಂದಿನ ಹಬ್ಬಕ್ಕೆ ತವರಿಗೆ ಹೋದಾಗ ತಂಗಿ ತನ್ನ ಮನೆಯ ಬಾಗಿಲು ತೆರೆಯಲಿಲ್ಲವಂತೆ. ನಿನ್ನ ಜ್ವರ ಇಳಿಯಿತಾ ಎಂದು ಒಳಗಿಂದಲೇ ಕೇಳಿದಳಂತೆ. ಅತ್ತಿಗೆ ಆಮೇಲೆ ತಂಗಿಯ ಮಾತು ಆಡುವುದನ್ನೇ ಬಿಟ್ಟಳು. ನಾನು ಬಯಸಿದ್ದೂ ಅದೇ ಅಲ್ಲವೇ? ಆದರೆ ಆ ಮೌನದಲ್ಲಿ ಕೂತು ಉಣ್ಣುವುದು ನನಗೆ ಕಷ್ಟವಾಗತೊಡಗಿತು.

ಎರಡು ವರ್ಷಕ್ಕೆ ನನ್ನನ್ನು ಕಡೂರಿಗೆ ಕೊಟ್ಟರು. ಆ ಮನೆಯ ಅಡಿಗೆಮನೆಯಲ್ಲೂ ಹೊನ್ನೆಯ ಕಪಾಟು ಇತ್ತು. ನಾನು ತೌಡಿನ ಗಂಟು ಕಟ್ಟಿ, ಎಳೆ ಹಿಡಿದು ಉಜ್ಜಿ, ಅಗಸೆ ಎಣ್ಣೆ ಕಾಣಿಸಿ, ಅದನ್ನು ಹೊಸದರ ಹಾಗೆ ಇಟ್ಟಿದ್ದೆ. ಎಷ್ಟು ತಿಳಿದವಳು ಎಂದು ಅತ್ತೆ ಬಂದವರಿಗೆಲ್ಲ ಹೇಳಿಕೊಂಡು ಹಿಗ್ಗುತ್ತಿದ್ದರು. ಹೊಗಳಿದಾಗೆಲ್ಲ ನಾನು ತಲೆ ತಗ್ಗಿಸುತ್ತಿದ್ದೆ. ಅದನ್ನು ಅವರು ವಿನಯ ಎಂದುಕೊಂಡರು.

ಅರವತ್ತರ ದಶಕ ಅರ್ಧ ಕಳೆದಿತ್ತು. ಅವ್ವನಿಗೆ ಲಕ್ವ ಹೊಡೆದು ಬಲಗೈ, ಮಾತು ಎರಡೂ ಹೋದವು. ನೋಡಲು ಅಜ್ಜಂಪುರಕ್ಕೆ ಹೋದೆ. ಅಪ್ಪ ಅಷ್ಟು ಹೊತ್ತಿಗೆ ಇರಲಿಲ್ಲ. ಮನೆ ಅತ್ತಿಗೆಯ ಕೈಯಲ್ಲಿತ್ತು. ಅಡಿಗೆಮನೆಗೆ ಹೋಗಿ ಬೀರು ನೋಡಿ ನಿಂತುಬಿಟ್ಟೆ. ಸೀಳು ಹಾಗೇ ಇತ್ತು, ಆದರೆ ಮರ ಮತ್ತೆ ಜೇನಿನ ಬಣ್ಣಕ್ಕೆ ತಿರುಗಿ ನುಣ್ಣಗೆ ಹೊಳೆಯುತ್ತಿತ್ತು. ಅತ್ತಿಗೆ ಒಂದು ಬಟ್ಟೆಯ ಗಂಟಿನಿಂದ ಮೇಲಿನಿಂದ ಕೆಳಕ್ಕೆ, ಎಳೆ ಹೋದ ಕಡೆಗೇ, ಮೆಲ್ಲಗೆ ಉಜ್ಜುತ್ತಿದ್ದಳು. ಗಂಟಿನಿಂದ ಉದುರುತ್ತಿದ್ದುದು ಅಕ್ಕಿ ತೌಡು.

ಇದನ್ನು ನಿನಗೆ ಯಾರು ಹೇಳಿಕೊಟ್ಟರು ಎಂದು ಕೇಳಿದೆ. ಆಚಾರಿ ಎಂದಳು. ಯಾವಾಗ ಎಂದೆ.

“ನಿನಗೆ ಹೇಳ್ದಾಗಲೇ. ಹಿತ್ತಿಲ ಬಾಗಿಲು ತೆಗೆದಿತ್ತು. ಎಲ್ಲಾ ಕೇಳಿಸ್ತು.”

ಅವಳು ಕೈ ನಿಲ್ಲಿಸಲಿಲ್ಲ.

“ನಾನು ಹೇಳಿದ್ರೆ ತವರಿಗೆ ಓಡೋಕೆ ನೆಪ ಅಂತಿದ್ರು ಅತ್ತೆ. ನೀನು ಮಗಳು, ನೀನು ಹೇಳಿದ್ರೆ ಕೇಳ್ತಿದ್ರು. ಇವತ್ತು ಹೇಳ್ತೀಯ, ನಾಳೆ ಹೇಳ್ತೀಯ ಅಂತ ದಿನಾ ನಿನ್ನ ಮುಖ ನೋಡ್ತಿದ್ದೆ. ನೀವು ರೈಲಿಗೆ ಹೊರಟ್ರಲ್ಲ, ಆಗಲೂ ನೋಡ್ದೆ.”

ನಾನು ಅಲ್ಲೇ ಕುಸಿದು ಕೂತು ಅತ್ತೆ. ತಪ್ಪಾಯಿತು ಎಂದೆ, ಏನೇನೋ ಬಡಬಡಿಸಿದೆ. ಅವಳ ಕೈ ಹಿಡಿಯಲು ಹೋದೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡು, ತೌಡಿನ ಗಂಟನ್ನು ಬಿಚ್ಚಿ ಕೊಡವಿದಳು.

“ನನ್ನ ಹತ್ರ ಅತ್ತು ಏನು ಬಂತು? ನಾನು ಅವತ್ತೇ ತಿಳ್ಕೊಂಡಿದ್ದೆ. ತಿಳೀದೆ ಇರೋಳು ನನ್ನ ತಂಗಿ. ಶಿವನಿಗೆ ಹೋಗಿ ಅವಳಿಗೆ ಹೇಳು. ಅಕ್ಕ ತಾನಾಗಿ ಬರ್ದೆ ಇದ್ದದ್ದಲ್ಲ, ನಾನು ಬರೋಕೆ ಬಿಡ್ಲಿಲ್ಲ ಅಂತ ನಿನ್ನ ಬಾಯಲ್ಲೇ ಹೇಳು. ಆಮೇಲೆ ಬಾ, ಮಾತಾಡೋಣ.”

ನಾಳೆಯೇ ಹೋಗುತ್ತೇನೆ ಎಂದೆ. ಅವಳು ಅವ್ವನಿಗೆ ಗಂಜಿ ಕುಡಿಸಲು ಎದ್ದು ಹೋದಳು. ನಾನು ಮಾರನೆಯ ಬೆಳಿಗ್ಗೆ ಸ್ಟೇಷನ್ನಿಗೆ ಬಂದು ಕಡೂರಿಗೆ ಟಿಕೆಟ್ಟು ತೆಗೆದುಕೊಂಡೆ. ಮಕ್ಕಳನ್ನು ಬಿಟ್ಟು ಬಂದಿದ್ದೇನೆ, ಮುಂದಿನ ಸಲ ಹೋದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಆ ತಂಗಿ ಅದಾದ ಮೇಲೂ ಎಷ್ಟೋ ವರ್ಷ ಶಿವನಿಯಲ್ಲೇ ಬದುಕಿದ್ದಳು. ನಾನು ಹೋಗಲಿಲ್ಲ.